ಗೋಡೆಯ ಯಾವ ಬದಿಗಿದ್ದಿರಿ?

ಹಿರೋಷಿಮಾದ ಅಣುಬಾಂಬಿನಿಂದ ಬದುಕುಳಿದ ಅಜ್ಜಿಯೊಬ್ಬರ ಮುಂದೆ ಒಂದು ಬಿಳಿ ಹಾಳೆ, ಒಂದು ಪೆನ್ಸಿಲು ಇಟ್ಟು ನಮ್ಮ ಗುರುಗಳು ಹಿಂದೆ ಸರಿದು ಕೂತರು. ಅಷ್ಟರೊಳಗೆ ನಾನು ದುಭಾಷಿಯ ಮೂಲಕ ಅವರ ಬಿಪಿ, ಸಕ್ಕರೆ, ಥೈರಾಯ್ಡು, ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಇತ್ತೇ ಎಂಬುದನ್ನೆಲ್ಲ ಕೇಳಿ ಒಂದು ಪುಟ ತುಂಬಿಸಿದ್ದೆ. ಗುರುಗಳು ಓದಿ, "ಎಲ್ಲ ಇದೆ ಡಾಕ್ಟರೇ. ಆ ಬೆಳಿಗ್ಗೆ ಇವರು ಎಲ್ಲಿದ್ದರು?" ಎಂದು ಕೇಳಿದರು.

ಅದು 2012ರ ಜೂನ್. ಹಿರೋಷಿಮಾದಲ್ಲೂ ಮಳೆ ನಮ್ಮ ಕಾರವಾರದ ಹಾಗೆ ಹಿಡಿದು ಕೂತಿತ್ತು. ವಿಕಿರಣಕ್ಕೆ ಸಿಕ್ಕವರ ಆರೈಕೆಯನ್ನು ಹೊರದೇಶದ ವೈದ್ಯರಿಗೆ ಕಲಿಸಲೆಂದು ಆ ಊರಿನಲ್ಲಿ 1991ರಲ್ಲಿ ಹೈಕೇರ್ ಎಂಬ ಸಂಸ್ಥೆ ಹುಟ್ಟಿದೆ. ಅಂಥದ್ದೊಂದು ತರಬೇತಿಗೆ ನಾನು ಹೋದದ್ದಕ್ಕೆ ಕಾರಣ ಕೈಗಾ. 2009ರ ನವೆಂಬರಿನಲ್ಲಿ ಅಲ್ಲಿನ ಅಣುವಿದ್ಯುತ್ ಸ್ಥಾವರದ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಎಂಬ ವಿಕಿರಣ ಸೂಸುವ ವಸ್ತು ಸೇರಿದ ಸುದ್ದಿ ಪೇಪರಿನಲ್ಲಿ ಬಂದಾಗ, ಸ್ಥಾವರದ ಮುಖವನ್ನೇ ನೋಡದವರೂ ನಮ್ಮ ಒಪಿಡಿಗೆ ಬಂದು "ನಮಗೇನಾದರೂ ಆಗ್ತದಾ ಡಾಕ್ಟರೇ?" ಎಂದು ಕೇಳಿದ್ದರು. ಏನೂ ಆಗುವುದಿಲ್ಲ ಎಂದೆ. ಉತ್ತರ ಸರಿಯೇ ಇತ್ತು, ಆದರೆ ಅದನ್ನು ಹೇಳುವ ಮೊದಲು ಅವರನ್ನು ಏನು ಕೇಳಬೇಕೆಂಬುದು ನನಗೆ ತಿಳಿದಿರಲಿಲ್ಲ. ಆ ನಾಚಿಕೆ ಎರಡೂವರೆ ವರ್ಷ ಒಳಗೇ ಇತ್ತು.

ಅಜ್ಜಿ ಬರೆಯತೊಡಗಿದರು. 1945ರ ಆಗಸ್ಟ್ 6, ಬೆಳಿಗ್ಗೆ 8 ಗಂಟೆ 15 ನಿಮಿಷ. ಆರು ವರ್ಷದ ಹುಡುಗಿ. ಮರದ ಮನೆ, ಬಾಂಬು ಸಿಡಿದ ಜಾಗದಿಂದ ಒಂದೂವರೆ ಕಿಲೋಮೀಟರ್. ಮೊದಲು ಅಡುಗೆಕೋಣೆ ಬರೆದರು, ಆಮೇಲೆ ಕಿಟಕಿ, ಅದರ ಪಕ್ಕ ಮಣ್ಣಿನ ಗೋಡೆ. ಗೋಡೆಯ ಒಳಬದಿಗೆ ಒಂದು ಚುಕ್ಕೆ ಇಟ್ಟು ತಮ್ಮ ಎದೆ ಮುಟ್ಟಿಕೊಂಡರು.

ಗುರುಗಳು ಆ ಚುಕ್ಕೆ ತೋರಿಸಿ ನಮಗೆ ವಿವರಿಸಿದರು. ಬಯಲಿನಲ್ಲಿ ಒಂದು ಕಿಲೋಮೀಟರ್ ದೂರ ನಿಂತವರ ಮೇಲೆ ಬಿದ್ದ ವಿಕಿರಣ ಸುಮಾರು 4 ಗ್ರೇ (ಮೈ ಹೀರಿಕೊಂಡ ವಿಕಿರಣವನ್ನು, ಅಂದರೆ ಡೋಸನ್ನು, ಅಳೆಯುವ ಮಾನ). ಚಿಕಿತ್ಸೆ ಸಿಗದಿದ್ದರೆ ಅರ್ಧಕ್ಕರ್ಧ ಜನ ಸಾಯುವಷ್ಟು ಅದು. ಎರಡು ಕಿಲೋಮೀಟರಿನಲ್ಲಿ ಅದೇ 0.1 ಗ್ರೇಗಿಂತ ಕಡಿಮೆ. ನಡುವೆ ಗೋಡೆಯೋ ಹೆಂಚಿನ ಮಾಡೋ ಇದ್ದರೆ ಇನ್ನಷ್ಟು ಇಳಿಯುತ್ತದೆ. ಆ ಕಾಲದಲ್ಲಿ ಸಾವಿರಾರು ಮಂದಿಯ ಹತ್ತಿರ ಹೋಗಿ, ಯಾವ ಕಡೆ ಮುಖ ಮಾಡಿದ್ದಿರಿ, ಕೂತಿದ್ದಿರೋ ನಿಂತಿದ್ದಿರೋ ಎಂದು ಕೇಳಿ, ಮನೆಯ ನಕ್ಷೆ ಬರೆದು ಡೋಸು ಲೆಕ್ಕ ಹಾಕಿದ್ದಾರೆ. ಸುಮಾರು 1,20,000 ಜನರನ್ನು ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನ ನಿಂತಿರುವುದು ಇಂಥ ಹಾಳೆಗಳ ಮೇಲೆ. ಎಷ್ಟು ಡೋಸಿಗೆ ಎಷ್ಟು ಕ್ಯಾನ್ಸರ್ ಎಂದು ಜಗತ್ತು ಇವತ್ತು ಲೆಕ್ಕ ಹಾಕುವುದು ಬಹುಮಟ್ಟಿಗೆ ಇವರ ಮೈಯಿಂದ ಕಲಿತದ್ದರಿಂದ. ನಮ್ಮೂರಿನ ಎಕ್ಸ್‌ರೇ ಟೆಕ್ನಿಷಿಯನ್ ಎದೆಗೆ ಸಿಕ್ಕಿಸಿಕೊಳ್ಳುವ, ವಿಕಿರಣ ಅಳೆಯುವ ಬ್ಯಾಡ್ಜಿನ ಮಿತಿಗೂ ಈ ಅಜ್ಜಿಗೂ ಸಂಬಂಧವಿದೆ ಎಂದು ನನಗೆ ಹೊಳೆದದ್ದು ಆಗ.

"ಚಿಕ್ಕವಳಿದ್ದಾಗಲೂ ಅಧ್ಯಯನದವರು ನನ್ನನ್ನು ಕರೆದುಕೊಂಡು ಹೋಗಿ ನೋಡಿದರು, ಬರೆದುಕೊಂಡರು. ಔಷಧ ಮಾತ್ರ ಕೊಡಲಿಲ್ಲ" ಎಂದರು ಅಜ್ಜಿ. ದನಿಯಲ್ಲಿ ಸಿಟ್ಟಿರಲಿಲ್ಲ. ಮತ್ತೆ ಪೆನ್ಸಿಲು ಎತ್ತಿಕೊಂಡು ಗೋಡೆಯ ಹೊರಬದಿಗೆ, ಅಂಗಳದಲ್ಲಿ, ಇನ್ನೊಂದು ಚುಕ್ಕೆ ಇಟ್ಟರು. ಬಟ್ಟೆ ಹರವುತ್ತಿದ್ದ ಅವರ ತಾಯಿ. ಹತ್ತನೇ ದಿನ ತೀರಿಕೊಂಡರಂತೆ. ಎರಡು ಚುಕ್ಕೆಗಳ ನಡುವೆ ಅರ್ಧ ಬೆರಳಿನಷ್ಟು ಜಾಗ. ದುಭಾಷಿ ಹುಡುಗಿ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ರಾತ್ರಿ ಊಟದ ಹೊತ್ತಿಗೆ ಬೆಲಾರೂಸಿನ ವೈದ್ಯೆಗೆ ಈ ಕತೆ ಹೇಳಿದೆ. "ನಮ್ಮಲ್ಲಿ ಎಲ್ಲಿ ನಿಂತಿದ್ದಿರಿ ಅಂತ ಕೇಳುವುದಿಲ್ಲ, ಯಾವ ಹಸುವಿನ ಹಾಲು ಕುಡಿದಿರಿ ಅಂತ ಕೇಳುತ್ತೇವೆ" ಎಂದರು ಅವರು. 1986ರಲ್ಲಿ ಚೆರ್ನೋಬಿಲ್‌ನಿಂದ ಹಾರಿದ ವಿಕಿರಣ ಸೂಸುವ ಅಯೋಡಿನ್ ಹುಲ್ಲಿಗೆ ಬಿದ್ದು, ಹುಲ್ಲಿನಿಂದ ಹಾಲಿಗೆ, ಹಾಲಿನಿಂದ ಮಕ್ಕಳ ಥೈರಾಯ್ಡಿಗೆ ಹೋಗಿತ್ತು. ಕಜಕಸ್ತಾನದ ಇನ್ನೊಬ್ಬರು, ಅಣುಬಾಂಬಿನ ಪರೀಕ್ಷಾ ಸ್ಫೋಟದ ದಿನ ಗಾಳಿ ಯಾವ ಹಳ್ಳಿಯ ಕಡೆ ಬೀಸಿತ್ತು ಎಂಬುದರಿಂದ ಶುರು ಮಾಡುತ್ತಾರಂತೆ. ನಾನು ದೆಹಲಿಯ ಮಾಯಾಪುರಿಯ ಮಾತು ತೆಗೆದೆ. 2010ರಲ್ಲಿ ವಿಶ್ವವಿದ್ಯಾಲಯದ ಹಳೆಯ ಯಂತ್ರವೊಂದು ಗುಜರಿಗೆ ಹೋಗಿ, ಅದರೊಳಗಿದ್ದ, ವಿಕಿರಣ ಸೂಸುವ ಕೋಬಾಲ್ಟ್-60 ಒಬ್ಬರ ಜೀವ ತೆಗೆದಿತ್ತು. ಅಲ್ಲಿ ಕೇಳಬೇಕಾಗಿದ್ದದ್ದು, ಕೈಯಲ್ಲಿ ಏನು ಹಿಡಿದಿದ್ದೆ ಎಂದು. ಕೈಗಾದಲ್ಲಿ, ಯಾವ ಕೂಲರಿನ ನೀರು, ಎಷ್ಟು ಲೋಟ ಎಂದು.

ಊರಿಗೆ ಬಂದ ಮೇಲೆ ಒಪಿಡಿ ಮೇಜಿನ ಗಾಜಿನ ಕೆಳಗೆ ಕನ್ನಡದಲ್ಲೂ ಕೊಂಕಣಿಯಲ್ಲೂ ಒಂದು ಚೀಟಿ ಬರೆದಿಟ್ಟೆ: ಎಲ್ಲಿದ್ದೆ, ಏನು ಮುಟ್ಟಿದೆ, ಏನು ಕುಡಿದೆ, ವಾಂತಿ ಎಷ್ಟು ಹೊತ್ತಿಗೆ ಶುರುವಾಯಿತು. ವಾಂತಿ ಬೇಗ ಬಂದಷ್ಟೂ ಡೋಸು ಹೆಚ್ಚು. ಆಮೇಲೆ ಕೆಲವು ಗಂಟೆಗಳಿಗೊಮ್ಮೆ ರಕ್ತ ತೆಗೆದು ಲಿಂಫೋಸೈಟ್ ಎಂಬ ಬಿಳಿ ರಕ್ತಕಣ ಎಣಿಸಿದರೆ ಅದು ಇಳಿಯುವ ವೇಗವೇ ಉಳಿದದ್ದನ್ನು ಹೇಳುತ್ತದೆ. ತಾಲೂಕು ಆಸ್ಪತ್ರೆಯ ಲ್ಯಾಬಿನಲ್ಲೂ ಆಗುವ ಕೆಲಸ ಅದು.

ಕಳೆದ ಮಳೆಗಾಲದಲ್ಲಿ ಗುಜರಿ ಅಂಗಡಿಯ ಹುಡುಗನೊಬ್ಬ ಅಂಗೈ ಸುಟ್ಟುಕೊಂಡು ಬಂದ. ಚೀಟಿ ನೋಡಿ ಒಂದೊಂದೇ ಕೇಳಿದೆ. ಹಳೆ ಬ್ಯಾಟರಿಯ ಆಸಿಡ್. ಮುಲಾಮು ಹಚ್ಚಿ ಪಟ್ಟಿ ಕಟ್ಟಿದೆ. ಹೊರಡುವಾಗ ಅವನು, "ಇಷ್ಟೆಲ್ಲ ಯಾಕೆ ಕೇಳಿದ್ರಿ ಡಾಕ್ಟರೇ?" ಅಂದ. ಕೂರಿಸಿಕೊಂಡು ಅಜ್ಜಿಯ ಮನೆಯ ನಕ್ಷೆ ಬರೆದು ತೋರಿಸಿದೆ.