ಕೆಲಸದ ಮೇಲೆ ಬೆಂಗಳೂರಿಗೆ ಬರುವವರು ಮೊದಲು ದಿಕ್ಕು ನೋಡಲಿ

ಬೆಂಗಳೂರಿನ ಟ್ರಾಫಿಕ್ಕನ್ನು ಬೈದುಕೊಂಡು ಹೋದವರೇ ಮುಂದಿನ ತಿಂಗಳು ಮತ್ತೆ ಬರುತ್ತಾರೆ. ಪೀಣ್ಯದಲ್ಲಿ ಡೈ (ಲೋಹದ ಅಚ್ಚು) ಮಾಡಿಸುವುದು, ಎಸ್.ಪಿ. ರೋಡಿನಲ್ಲಿ ಬಿಡಿಭಾಗ ಹುಡುಕುವುದು, ಚಿಕ್ಕಪೇಟೆಯಲ್ಲಿ ಬಟ್ಟೆ ಸಗಟು, ವೈಟ್‌ಫೀಲ್ಡಿನಲ್ಲಿ ಸಾಫ್ಟ್‌ವೇರ್‌ನವರ ಜೊತೆ ಮಾತುಕತೆ: ಇಷ್ಟೂ ಒಂದೇ ಪ್ರಯಾಣದಲ್ಲಿ ಮುಗಿಯುವ ಊರುಗಳು ದೇಶದಲ್ಲಿ ಬಹಳ ಇಲ್ಲ. ಒಂದೇ ದಿನದಲ್ಲಿ ಮುಗಿಯುತ್ತದೆ ಅಂದುಕೊಂಡರೆ ಮಾತ್ರ ಎಡವಟ್ಟು.

ವ್ಯವಹಾರದ ಲೆಕ್ಕಕ್ಕೆ ಬೆಂಗಳೂರು ಒಂದು ಊರೇ ಅಲ್ಲ, ಐದಾರು ಊರು. ವಾಯವ್ಯಕ್ಕೆ ಪೀಣ್ಯ ಮತ್ತು ತುಮಕೂರು ರಸ್ತೆ. ಪೂರ್ವಕ್ಕೆ ವೈಟ್‌ಫೀಲ್ಡ್. ದಕ್ಷಿಣಕ್ಕೆ ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರ, ಜಿಗಣಿ. ಉತ್ತರಕ್ಕೆ ಹೆಬ್ಬಾಳ, ಮಾನ್ಯತಾ ಟೆಕ್ ಪಾರ್ಕ್, ಆಮೇಲೆ ವಿಮಾನ ನಿಲ್ದಾಣವಿರುವ ದೇವನಹಳ್ಳಿ. ನಡುವೆ ಎಂ.ಜಿ. ರೋಡು ಮತ್ತು ಹಳೇ ಪೇಟೆ. ನಗರವನ್ನು ಸುತ್ತುವ ಹೊರವರ್ತುಲ ರಸ್ತೆ ಇನ್ನೊಂದು ಊರು. ಹಾಗಾಗಿ ರೂಮ್ ಬುಕ್ ಮಾಡುವ ಮೊದಲು ಕೇಳಿಕೊಳ್ಳಬೇಕಾದ್ದು "ಯಾವ ಹೋಟೆಲ್ ಚೆನ್ನಾಗಿದೆ" ಅಂತಲ್ಲ, "ಬೆಳಿಗ್ಗೆಯ ಮೊದಲ ಮೀಟಿಂಗ್ ಯಾವ ದಿಕ್ಕಿಗೆ" ಅಂತ. ಆ ದಿಕ್ಕಿನಲ್ಲೇ ಮಲಗಿ. ರಾತ್ರಿ ಹತ್ತರ ಮೇಲೆ ಮುಕ್ಕಾಲು ಗಂಟೆ ಹಿಡಿಯುವ ದಾರಿ ಬೆಳಿಗ್ಗೆ ಒಂಬತ್ತಕ್ಕೆ ಎರಡು ಗಂಟೆ ನುಂಗಬಹುದು.

ವಿಮಾನ ಬೆಳಿಗ್ಗೆ ಇದೆ ಅಂತ ದೇವನಹಳ್ಳಿಯ ಬಳಿ ಮೂರು ರಾತ್ರಿ ರೂಮ್ ಹಿಡಿದು ದಿನಾ ಎಲೆಕ್ಟ್ರಾನಿಕ್ ಸಿಟಿಗೆ ಓಡಾಡುವವರಿದ್ದಾರೆ. ಹೋಗಿಬರುವುದೇ ನೂರು ಕಿಲೋಮೀಟರ್ ದಾಟುತ್ತದೆ. ಕೊನೆಯ ರಾತ್ರಿ ಮಾತ್ರ ಅಲ್ಲಿಗೆ ಬದಲಾಯಿಸಿಕೊಂಡರೆ ಸಾಕು.

ಈಗ ಲೆಕ್ಕ ಬದಲಾಗಿರುವುದು ಮೆಟ್ರೋದಿಂದ. 2023ರ ಅಕ್ಟೋಬರಿನಲ್ಲಿ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡಿನ ಕಾಡುಗೋಡಿವರೆಗೆ ಪೂರ್ತಿ ತೆರೆಯಿತು. ಐ.ಟಿ.ಪಿ.ಎಲ್. ಟೆಕ್ ಪಾರ್ಕಿಗೆ ಹೋಗುವವರು ಪಟ್ಟಂದೂರು ಅಗ್ರಹಾರದಲ್ಲಿ ಇಳಿಯಬೇಕು. ಕಾಡುಗೋಡಿಗೆ ಹೋಗಿ ವಾಪಸ್ ಬರಬೇಕಿಲ್ಲ. ಎಂ.ಜಿ. ರೋಡಿನಿಂದ ಅಲ್ಲಿಗೆ ಹೆಚ್ಚುಕಡಿಮೆ ಮುಕ್ಕಾಲು ಗಂಟೆ. ಮಳೆ ಬರಲಿ, ಯಾರದೋ ಮೆರವಣಿಗೆ ಇರಲಿ, ಅದೇ ಮುಕ್ಕಾಲು ಗಂಟೆ. ಹೊರಗಿನಿಂದ ಬಂದವನಿಗೆ ವೇಗಕ್ಕಿಂತ ಈ ಖಾತ್ರಿಯೇ ಮುಖ್ಯ. 2024ರ ನವೆಂಬರಿನಲ್ಲಿ ಹಸಿರು ಮಾರ್ಗ ಮಾದಾವರಕ್ಕೆ ಮುಟ್ಟಿದ್ದರಿಂದ ಬಿ.ಐ.ಇ.ಸಿ. ಪ್ರದರ್ಶನ ಕೇಂದ್ರದ ವಸ್ತುಪ್ರದರ್ಶನಗಳಿಗೆ ಹೋಗುವವರ ಪಾಡು ತಪ್ಪಿತು. 2025ರ ಆಗಸ್ಟಿನಲ್ಲಿ ಆರ್.ವಿ. ರೋಡಿನಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಬಂತು: 19 ಕಿಲೋಮೀಟರ್, 16 ನಿಲ್ದಾಣ. ಎಲೆಕ್ಟ್ರಾನಿಕ್ ಸಿಟಿಗೆ ಹೋಗಲು ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಕಾಯುವ ಕರ್ಮ ಈಗ ಕಡ್ಡಾಯವಲ್ಲ.

ಎರಡು ಎಚ್ಚರಿಕೆ. ಬೆಳಿಗ್ಗೆ ಎಂಟೂವರೆಯಿಂದ ಹತ್ತರವರೆಗೆ ಮೆಜೆಸ್ಟಿಕ್ಕಿನಲ್ಲಿ ಹಸಿರಿನಿಂದ ನೇರಳೆಗೆ ಬದಲಾಯಿಸುವುದು ಜಾತ್ರೆಯಲ್ಲಿ ತೇರು ದಾಟಿದ ಹಾಗೆ. ಕೈಚೀಲ ಹಿಡಿದು ನುಗ್ಗಬಹುದು, ಸೂಟ್‌ಕೇಸ್ ಎಳೆದುಕೊಂಡು ಆಗದ ಮಾತು. ಸಾಮಾನನ್ನು ರೂಮಿನಲ್ಲೇ ಬಿಟ್ಟು ಹೊರಡಿ. ಇನ್ನೊಂದು, ಭಾನುವಾರ ಮೆಟ್ರೋ ಶುರುವಾಗುವುದು ಏಳಕ್ಕೆ. ಐದೂವರೆಗೆ ಬಸ್ಸಿಳಿದವರು ಶಟರ್ ಮುಂದೆ ನಿಲ್ಲಬೇಕಾಗುತ್ತದೆ.

ರಾತ್ರಿ ಬಸ್ಸಿನಲ್ಲಿ ಹುಬ್ಬಳ್ಳಿ, ದಾವಣಗೆರೆ, ಶಿವಮೊಗ್ಗದ ಕಡೆಯಿಂದ ಬರುವವರು ಅಭ್ಯಾಸಬಲದಿಂದ ಮೆಜೆಸ್ಟಿಕ್ ಬಳಿಯ ಆನಂದರಾವ್ ಸರ್ಕಲ್ಲಿನವರೆಗೆ ಕೂತಿರುತ್ತಾರೆ. ಬಸ್ಸು ತುಮಕೂರು ರಸ್ತೆಯಲ್ಲೇ ಬರುವುದರಿಂದ ಜಾಲಹಳ್ಳಿ ಅಥವಾ ಗೊರಗುಂಟೆಪಾಳ್ಯದಲ್ಲಿ ಇಳಿದು ಮೆಟ್ರೋ ಹತ್ತಿದರೆ ಸೋಮವಾರ ಬೆಳಗಿನ ಆ ಕೊನೆಯ ಕೆಲವು ಕಿಲೋಮೀಟರಿನ ತೆವಳಾಟ ಉಳಿಯುತ್ತದೆ. ಚೆನ್ನೈ ಕಡೆಯ ರೈಲಿನವರಿಗೆ ವೈಟ್‌ಫೀಲ್ಡಿನಲ್ಲಿ ಕೆಲಸವಿದ್ದರೆ, ರೈಲು ನಿಲ್ಲುವುದಾದರೆ, ಕೆ.ಆರ್. ಪುರದಲ್ಲೇ ಇಳಿಯುವುದು ಜಾಣತನ. ಮೆಟ್ರೋ ಪಕ್ಕದಲ್ಲೇ ಇದೆ. ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್ಲಿಗೆ ಟಿಕೆಟ್ ಆಗಿದ್ದರೆ ಕಟ್ಟಡ ನೋಡಿ ಖುಷಿಪಡಿ, ಆದರೆ ಮೆಟ್ರೋ ಬಾಗಿಲಲ್ಲೇ ಇದೆ ಅಂದುಕೊಳ್ಳಬೇಡಿ. ಹೊರಗೆ ಆಟೋದವರು ಹೇಳುವ ರೇಟು ಕೇಳಿಯೇ ನಿದ್ದೆ ಹಾರುತ್ತದೆ. ಮೀಟರಿನ ಲೆಕ್ಕ ಗೊತ್ತಿರಲಿ: 2025ರ ಆಗಸ್ಟಿನಿಂದ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ರಾತ್ರಿ ಹತ್ತರಿಂದ ಬೆಳಿಗ್ಗೆ ಐದರವರೆಗೆ ಒಂದೂವರೆ ಪಟ್ಟು.

ಮೆಟ್ರೋ ಇನ್ನೂ ಮುಟ್ಟದೆ ಉಳಿದ ಕಷ್ಟದ ಜಾಗ ಹೊರವರ್ತುಲ ರಸ್ತೆ. ಸಿಲ್ಕ್ ಬೋರ್ಡಿನಿಂದ ಬೆಳ್ಳಂದೂರು, ಮಾರತ್ತಹಳ್ಳಿ ದಾಟಿ ಕೆ.ಆರ್. ಪುರದವರೆಗೆ ಟೆಕ್ ಪಾರ್ಕುಗಳು ಸಾಲಾಗಿ ನಿಂತಿವೆ, ಎಲ್ಲದರ ಬಾಗಿಲೂ ಅದೇ ಒಂದು ಸರ್ವೀಸ್ ರಸ್ತೆಗೆ. ಕಂಪನಿಗಳು ವಾರದಲ್ಲಿ ಎರಡು ಮೂರು ದಿನ ಮಾತ್ರ ಆಫೀಸಿಗೆ ಕರೆಯುವುದರಿಂದ ಜನ ಎಲ್ಲ ಮಂಗಳವಾರದಿಂದ ಗುರುವಾರದೊಳಗೆ ತುಂಬಿಕೊಳ್ಳುತ್ತಾರೆ. ಮೀಟಿಂಗ್ ದಿನ ನಿಮ್ಮ ಕೈಯಲ್ಲಿದ್ದರೆ ಶುಕ್ರವಾರ ಕೇಳಿ. ಹೊತ್ತು ಮಾತ್ರ ಕೈಯಲ್ಲಿದ್ದರೆ ಹನ್ನೊಂದೂವರೆ ಕೇಳಿ. ಊಟ ಮುಗಿಸಿ ನಾಲ್ಕರೊಳಗೆ ಹೊರಬೀಳಬಹುದು.

ಅಲ್ಲಿ ಕ್ಯಾಬ್ ಇಳಿದ ಮೇಲೂ ಕೆಲಸ ಬಾಕಿ. ದೊಡ್ಡ ಪಾರ್ಕುಗಳಿಗೆ ಒಂದಕ್ಕಿಂತ ಹೆಚ್ಚು ಗೇಟು. ಮ್ಯಾಪ್ ತೋರಿಸುವುದು ಹೆಚ್ಚಾಗಿ ಉದ್ಯೋಗಿಗಳ ಗೇಟನ್ನು. ಭೇಟಿಗೆ ಬಂದವರ ಪಾಸ್ ಇನ್ನೊಂದು ಕಡೆ. ಕಟ್ಟಡದ ಹೆಸರು, ಗೇಟ್ ನಂಬರು, ಮಹಡಿ, ಯಾರ ಹೆಸರಿನಲ್ಲಿ ಪಾಸ್ ಎಂಬ ನಾಲ್ಕನ್ನೂ ಹಿಂದಿನ ದಿನವೇ ವಾಟ್ಸಾಪಿನಲ್ಲಿ ತರಿಸಿಕೊಳ್ಳಿ. ಗುರುತಿನ ಚೀಟಿ, ಫೋಟೋ, ಲ್ಯಾಪ್‌ಟಾಪಿನ ಸೀರಿಯಲ್ ನಂಬರು ಬರೆಸುವ ಶಾಸ್ತ್ರ ಮುಗಿಯಲು ಇಪ್ಪತ್ತು ನಿಮಿಷ ಇಟ್ಟುಕೊಳ್ಳಿ. ಪ್ರೆಸೆಂಟೇಷನ್ ಪೆನ್‌ಡ್ರೈವಿನಲ್ಲಿ ತಂದವರಿಗೆ ಹಲವು ಕಡೆ ಅದನ್ನು ಹಾಕಲೂ ಬಿಡುವುದಿಲ್ಲ. ಮೊದಲೇ ಮೇಲ್ ಮಾಡಿರಿ.

ಇನ್ನು ರೂಮು. ಎರಡು ದಿನದ ಪೇಟೆ ಕೆಲಸಕ್ಕೆ ಗಾಂಧಿನಗರದ ಲಾಡ್ಜುಗಳನ್ನು ಮೀರಿಸುವುದು ಕಷ್ಟ. ನೋಟಕ್ಕೆ ಸಾಧಾರಣ, ಆದರೆ ಹಲವದರಲ್ಲಿ 24 ಗಂಟೆಯ ಲೆಕ್ಕ: ಬೆಳಿಗ್ಗೆ ಆರಕ್ಕೆ ಬಂದರೆ ಮರುದಿನ ಆರರವರೆಗೆ ಒಂದೇ ಬಾಡಿಗೆ. ಮಧ್ಯಾಹ್ನ ಹನ್ನೆರಡಕ್ಕೆ ರೂಮ್ ಕೊಡುವ ದೊಡ್ಡ ಹೋಟೆಲಿನಲ್ಲಿ ರಾತ್ರಿ ಬಸ್ಸಿನವರು ಆರು ಗಂಟೆ ಲಾಬಿಯಲ್ಲಿ ಕೂರಬೇಕು, ಇಲ್ಲವೇ ಹಿಂದಿನ ರಾತ್ರಿಯ ಬಾಡಿಗೆಯೂ ಕಟ್ಟಬೇಕು. ಬಾಡಿಗೆ ಬೆಸ ವರ್ಷದ ಫೆಬ್ರವರಿಯಲ್ಲಿ, ಯಲಹಂಕದಲ್ಲಿ ಏರೋ ಇಂಡಿಯಾ ನಡೆಯುವಾಗ, ಗಗನಕ್ಕೇರುತ್ತದೆ. ಪದಪ್ರಯೋಗಕ್ಕೆ ಕ್ಷಮೆ ಇರಲಿ. ಆ ವಾರ ಪ್ರದರ್ಶನದ ಸಮಯದಲ್ಲಿ ವಿಮಾನಗಳ ವೇಳೆಯೂ ಬದಲಾಗುತ್ತದೆ.

ಬಿಲ್ಲಿನ ವಿಷಯದಲ್ಲಿ ಬಹಳ ಜನ ಕೈಸುಟ್ಟುಕೊಳ್ಳುತ್ತಾರೆ. ಹೋಟೆಲ್ ವಾಸದ ಜಿ.ಎಸ್.ಟಿ. ಲೆಕ್ಕಕ್ಕೆ ಬರುವುದು ಹೋಟೆಲ್ ಇರುವ ರಾಜ್ಯ, ನಿಮ್ಮ ಕಂಪನಿ ಇರುವ ರಾಜ್ಯವಲ್ಲ. ಬಿಲ್ಲಿನಲ್ಲಿ ಕರ್ನಾಟಕದ ಎಸ್.ಜಿ.ಎಸ್.ಟಿ., ಅಂದರೆ ರಾಜ್ಯದ ಪಾಲಿನ ಜಿ.ಎಸ್.ಟಿ., ಬೀಳುತ್ತದೆ. ಬೆಳಗಾವಿಯ ಕಂಪನಿ ಅದರ ಕ್ರೆಡಿಟ್ ಕೇಳಬಹುದು, ಅಂದರೆ ತಾನು ಕಟ್ಟಬೇಕಾದ ತೆರಿಗೆಯಲ್ಲಿ ಅದನ್ನು ಕಳೆದುಕೊಳ್ಳಬಹುದು. ಕರ್ನಾಟಕದಲ್ಲಿ ನೋಂದಣಿ ಇಲ್ಲದ ಕೊಲ್ಹಾಪುರದ ಕಂಪನಿ ಕೇಳುವಂತಿಲ್ಲ. ದಿನಕ್ಕೆ 7500 ರೂಪಾಯಿ ದಾಟಿದ ರೂಮಿಗೆ ತೆರಿಗೆ ಶೇಕಡ 18 ಇರುವಾಗ ಇದು ಸಣ್ಣ ಮೊತ್ತವಲ್ಲ. ಕಂಪನಿಯ ಜಿ.ಎಸ್.ಟಿ. ನಂಬರನ್ನು ಚೆಕ್‌ಇನ್ ಹೊತ್ತಿಗೇ ಬರೆಸಿ, ಬಿಲ್ ಮುದ್ರಿಸಿದ ಮೇಲಲ್ಲ.

ಊಟತಿಂಡಿಯ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಬೆಳಿಗ್ಗೆ ಆರೂವರೆಗೆ ಬಿಸಿ ಇಡ್ಲಿ, ನಿಂತುಕೊಂಡೇ ಹತ್ತು ನಿಮಿಷದಲ್ಲಿ ಮುಗಿಸಿ ಕಾಫಿ ಕುಡಿದು ಹೊರಡಬಹುದಾದ ದರ್ಶಿನಿ ಹೆಚ್ಚುಕಡಿಮೆ ಪ್ರತಿ ಬಡಾವಣೆಯಲ್ಲಿದೆ. ಹೋಟೆಲಿನ ಬಫೆಗೆ ಏಳೂವರೆವರೆಗೆ ಕಾಯುವವರು ಟ್ರಾಫಿಕ್ಕಿನ ಬಾಯಿಗೇ ಬೀಳುತ್ತಾರೆ. ಅತಿಥಿಯನ್ನು ಗಾಂಧಿಬಜಾರಿನ ವಿದ್ಯಾರ್ಥಿ ಭವನಕ್ಕೆ ಕರೆದೊಯ್ಯುವ ಯೋಚನೆ ಇದ್ದರೆ ಶುಕ್ರವಾರ ರಜೆ ಎಂಬುದು ನೆನಪಿರಲಿ. ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವುದರಿಂದ ಮಾರ್ಚ್, ಏಪ್ರಿಲ್, ಮೇ ಬಿಟ್ಟರೆ ಕೋಟು ಹಾಕಿಕೊಂಡು ನಡೆದರೂ ಷರಟು ಒದ್ದೆಯಾಗದು. ಚೆನ್ನೈ, ಮಂಗಳೂರಿನಿಂದ ಬಂದವರಿಗೆ ಇದರ ಬೆಲೆ ಗೊತ್ತು.

ವಾಪಸ್ ಹೊರಡುವುದೇ ನಿಜವಾದ ಪರೀಕ್ಷೆ. ವಿಮಾನ ನಿಲ್ದಾಣ ಊರಿನ ನಡುವಿನಿಂದ ಸುಮಾರು 35 ಕಿಲೋಮೀಟರ್, ಮೆಟ್ರೋ ಇನ್ನೂ ಇಲ್ಲ. ನಗರದ ವಾಹನ, ಹೊರವರ್ತುಲದ ವಾಹನ ಎರಡೂ ಹೆಬ್ಬಾಳದಲ್ಲಿ ಸೇರುವುದರಿಂದ ಸಂಜೆ ಐದರಿಂದ ಎಂಟರ ನಡುವೆ ಎಂ.ಜಿ. ರೋಡಿನಿಂದ ಎರಡು ಗಂಟೆ, ಎಲೆಕ್ಟ್ರಾನಿಕ್ ಸಿಟಿಯಿಂದ ಮೂರು ಗಂಟೆ ಇಟ್ಟುಕೊಳ್ಳಿ. ವೈಟ್‌ಫೀಲ್ಡ್ ಕಡೆಯವರು ಹೆಬ್ಬಾಳಕ್ಕೆ ಹೋಗಲೇಬೇಡಿ. ಬೂದಿಗೆರೆ ಮೇಲೆ ಅಥವಾ ಹೆಣ್ಣೂರು–ಬಾಗಲೂರು ಮೇಲೆ ಹೋಗಿ ಅಂತ ಹತ್ತುವಾಗಲೇ ಡ್ರೈವರಿಗೆ ಹೇಳಿ. ಒಬ್ಬರೇ ಇದ್ದರೆ ಬಿ.ಎಂ.ಟಿ.ಸಿ.ಯ ವಾಯುವಜ್ರ ಹವಾನಿಯಂತ್ರಿತ ಬಸ್ಸು ಸಾಕು, ಮೆಜೆಸ್ಟಿಕ್ಕಿನಿಂದ ಕೆ.ಐ.ಎ. 9. ಟಿಕೆಟ್ಟಿನಲ್ಲಿ ಟರ್ಮಿನಲ್ ನೋಡಿಕೊಳ್ಳಿ. ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರಿನಿಂದ ಎರಡನೇ ಟರ್ಮಿನಲ್ಲಿನಿಂದ, ದೇಶದೊಳಗಿನವು ಕಂಪನಿಗೆ ತಕ್ಕಂತೆ ಎರಡರಲ್ಲೂ ಇವೆ.

ಆಗಸ್ಟಿನಿಂದ ಅಕ್ಟೋಬರಿನವರೆಗೆ ಮಳೆ ಬರುವುದು ಹೆಚ್ಚಾಗಿ ಸಂಜೆ, ಸರಿಯಾಗಿ ಕ್ಯಾಬ್ ಬೇಕಾದ ಹೊತ್ತಿಗೆ. ಮೊದಲ ಹನಿಗೇ ಆ್ಯಪಿನಲ್ಲಿ ಗಾಡಿ ಮಾಯ. ಮೋಡ ಕಂಡ ದಿನ ಮೂರು ಗಂಟೆಗೇ ಗಾಡಿ ಗೊತ್ತುಮಾಡಿ. ಡಿಸೆಂಬರ್, ಜನವರಿಯಲ್ಲಿ ಮಾತ್ರ ಲೆಕ್ಕ ತಿರುಗುಮುರುಗು: ಸಂಜೆ ನಿಶ್ಚಿಂತೆ, ನಸುಕಿನಲ್ಲಿ ದೇವನಹಳ್ಳಿ ಕಡೆ ಮಂಜು. ಆ ತಿಂಗಳುಗಳಲ್ಲಿ ಮುಂದಿನ ಊರಿನಲ್ಲಿ ಬೆಳಿಗ್ಗೆ ಹತ್ತಕ್ಕೆ ಮೀಟಿಂಗ್ ಇದ್ದರೆ ಆರರ ವಿಮಾನ ನಂಬದೆ ಹಿಂದಿನ ರಾತ್ರಿಯೇ ಹೊರಟುಬಿಡಿ.