ಡಬ್ಬಿ ಮುಟ್ಟಿದರೆ ಗುಂಯ್ ಎನ್ನುತ್ತಿದ್ದ ಮೈಕ್

ರೆಕಾರ್ಡಿಂಗ್ ಕೆಲಸಕ್ಕೆ ಸೇರಿದ ಹೊಸತು. ಮೇಜಿನ ಮೇಲೆ ಕಣ್ಣಿಗೆ ಬೀಳದಂತೆ ಇಡಲು ಪುಟ್ಟ ಮೈಕ್ ಬೇಕಿತ್ತು. ನಾನೇ ಮಾಡಿಕೊಡ್ತೀನಿ ಅಂದುಬಿಟ್ಟೆ. ಶರ್ಟಿನ ಗುಂಡಿಯಷ್ಟು ಎಲೆಕ್ಟ್ರೆಟ್ ಕ್ಯಾಪ್ಸೂಲ್, 2.2 ಕಿಲೋ ಓಮ್ ರೆಸಿಸ್ಟರ್, 10 ಮೈಕ್ರೋಫ್ಯಾರಡ್ ಕೆಪಾಸಿಟರ್, 9 ವೋಲ್ಟಿನ ಬ್ಯಾಟರಿ. ಇಷ್ಟೇ ತಾನೆ!

ಸಾಮಾನ್ಯ ಕಂಡೆನ್ಸರ್ ಮೈಕಿನಲ್ಲಿ ಸದ್ದಿಗೆ ಅದುರುವ ಪೊರೆಗೆ ಹೊರಗಿನಿಂದ ವೋಲ್ಟೇಜ್ ಕೊಟ್ಟು ವಿದ್ಯುದಾವೇಶ (ಚಾರ್ಜ್) ತುಂಬಬೇಕು. 1962ರಲ್ಲಿ ಬೆಲ್ ಲ್ಯಾಬ್ಸ್‌ನ ಸೆಸ್ಲರ್ ಮತ್ತು ವೆಸ್ಟ್ ಆ ಆವೇಶವನ್ನು ತೆಳು ಹಾಳೆಯಲ್ಲೇ ಕಾಯಂ ಆಗಿ ಕೂಡಿಟ್ಟು ಈ ರಗಳೆ ತಪ್ಪಿಸಿದರು; ಅದೇ ಎಲೆಕ್ಟ್ರೆಟ್ ಮೈಕ್. ಹಾಗಾಗಿ ಬ್ಯಾಟರಿ ಬೇಕಾಗುವುದು ಪೊರೆಗಲ್ಲ, ಕ್ಯಾಪ್ಸೂಲಿನೊಳಗಿರುವ ಪುಟ್ಟ ಟ್ರಾನ್ಸಿಸ್ಟರಿಗೆ.

ಮೊದಲ ಕ್ಯಾಪ್ಸೂಲನ್ನು ಬೆಸುಗೆ ಕಡ್ಡಿಯಿಂದಲೇ ಸುಟ್ಟೆ. ಒಂದೆರಡು ಸೆಕೆಂಡಿಗಿಂತ ಹೆಚ್ಚು ಕಡ್ಡಿ ಒತ್ತಿ ಹಿಡಿಯಬಾರದು, ನಾನು ಹಿಡಿದಿದ್ದೆ. ಎರಡನೆಯದರಲ್ಲಿ ಹೊರಕವಚಕ್ಕೆ ಅಂಟಿಕೊಂಡಿರುವ ಕಾಲೇ ಗ್ರೌಂಡ್ ಎಂದು ನೋಡಿಕೊಂಡು ಸರಿಯಾಗಿ ಜೋಡಿಸಿದೆ. ಮಾತು ಕೇಳಿಸಿತು. ಮಾತಿನ ಹಿಂದೆ ಗುಂಯ್ ಅನ್ನುವ ಕರೆಂಟಿನ ಸದ್ದೂ ಕೇಳಿಸಿತು.

ಕ್ಯಾಪ್ಸೂಲ್ ಬದಲಿಸಿದೆ. ಕೆಪಾಸಿಟರ್ ಬದಲಿಸಿದೆ. ಹೊಸ ಬ್ಯಾಟರಿ ಹಾಕಿದೆ. ಅರ್ಧ ದಿನ ಹೋಯಿತು, ಗುಂಯ್ ಹೋಗಲಿಲ್ಲ. ನಮ್ಮ ಸೀನಿಯರ್ ಬಂದು ಏನೂ ಬಿಚ್ಚದೆ, ನಾನು ಮೈಕ್ ಕೂರಿಸಿದ್ದ ತಗಡಿನ ಡಬ್ಬಿಯ ಮೇಲೆ ಬೆರಳಿಟ್ಟರು. ಸದ್ದು ಜೋರಾಯಿತು. "ಡಬ್ಬಿನ ಗ್ರೌಂಡಿಗೆ ಕೊಟ್ಟಿಲ್ವಾ?" ಅಂದರು.

ಕೊಟ್ಟಿರಲಿಲ್ಲ. ಮೇಜಿನ ಅದುರು ತಾಗದಿರಲೆಂದು ಕ್ಯಾಪ್ಸೂಲಿಗೆ ರಬ್ಬರ್ ಸುತ್ತಿದ್ದೆ, ಅದೇ ನನ್ನ ಜಾಣತನ. ಅದರಿಂದ ತಗಡಿನ ಡಬ್ಬಿಗೂ ಗ್ರೌಂಡಿಗೂ ನಂಟೇ ತಪ್ಪಿ, ಹೊರಗಿನ ಕರೆಂಟಿನ ಸದ್ದಿಗೆ ತಡೆಯಾಗಬೇಕಿದ್ದ ಡಬ್ಬಿಯೇ ಆಂಟೆನಾ ಆಗಿತ್ತು. ಒಂದು ತುಂಡು ತಂತಿ ಬೆಸೆದೆ. ಸಾದಾ ವೈರ್ ಕಿತ್ತು, ಸುತ್ತ ಲೋಹದ ಹೊದಿಕೆಯಿರುವ ಶೀಲ್ಡೆಡ್ ಕೇಬಲ್ ಹಾಕಿದೆ. ಗುಂಯ್ ಅಡಗಿತು.

ಖುಷಿಯಲ್ಲಿ ಆಡಿಯೋ ಮಿಕ್ಸರಿಗೆ ಚುಚ್ಚಲು ಹೋದರೆ ಸೀನಿಯರ್ ಕೈ ಹಿಡಿದು ತಡೆದರು. ಆ ಚಾನೆಲ್ಲಿನಲ್ಲಿ 48 ವೋಲ್ಟ್ ಫ್ಯಾಂಟಮ್, ಅಂದರೆ ಮಿಕ್ಸರೇ ಕೇಬಲ್ ಮೂಲಕ ಮೈಕಿಗೆ ಕಳಿಸುವ ಕರೆಂಟು, ಆನ್ ಇತ್ತು. ನನ್ನ ಕೆಪಾಸಿಟರ್ ಮೇಲೆ ಬರೆದಿದ್ದ, ಅದು ತಾಳುವ ಮಿತಿ 16 ವೋಲ್ಟ್. ಬ್ಯಾಟರಿಯಿಂದ ನಡೆಯುವ ಮೈಕಿಗೆ ಫ್ಯಾಂಟಮ್ ಬೇಕಾಗಿಯೇ ಇಲ್ಲ.

ಆ ಮೈಕ್ ಈಗಲೂ ಇದೆ. ಸಣ್ಣ ಕ್ಯಾಪ್ಸೂಲಿನ ಸುಸ್ ಸದ್ದು ಸ್ವಲ್ಪ ಉಂಟು, ಮಾತಿಗೆ ಅಡ್ಡಿಯಿಲ್ಲ, ಸಂಗೀತಕ್ಕೆ ನಾನಂತೂ ಬಳಸಲ್ಲ. ಡಬ್ಬಿಯ ಮೇಲೆ ಸೀನಿಯರ್ ಅಂಟಿಸಿದ ಪಟ್ಟಿ ಹಾಗೇ ಇದೆ: "48 ಆಫ್ ಮಾಡಿ".