ಕಲ್ಲ ನೋಡಾಕ ಅಷ್ಟ್ ದೂರಾ?

ಅಮೆರಿಕದಲ್ಲಿ ನಾಲ್ಕನೇ ತರಗತಿಯ ಮಕ್ಕಳಿಗೆ ಒಂದು ಒಳ್ಳೆ ಸೌಲಭ್ಯ ಇದೆ. ಆ ವರ್ಷ ಪೂರ್ತಿ ಅವರು ನ್ಯಾಷನಲ್ ಪಾರ್ಕ್‌ಗಳಿಗೆ ಪುಕ್ಕಟೆ ಹೋಗಬಹುದು. ಕಾರಿಗೆ ಇಷ್ಟು ಅಂತ ಶುಲ್ಕ ಇರುವ ಪಾರ್ಕ್‌ಗಳಲ್ಲಿ ಅದೇ ಕಾರಿನಲ್ಲಿ ಬಂದ ಮನೆಮಂದಿಗೂ ಶುಲ್ಕ ಇಲ್ಲ. 2025ರವರೆಗೆ ಪಾಸನ್ನು ಆನ್‌ಲೈನ್‌ನಲ್ಲಿ ಪಡೆದು ಕಾಗದದ ಮೇಲೆ ಪ್ರಿಂಟ್ ತೆಗೆದುಕೊಂಡೇ ಹೋಗಬೇಕಿತ್ತು, ಫೋನಿನಲ್ಲಿ ತೋರಿಸಿದರೆ ನಡೆಯುತ್ತಿರಲಿಲ್ಲ. 2024ರಲ್ಲಿ ನಮ್ಮ ಮಗಳು ನಾಲ್ಕನೇ ತರಗತಿಯಲ್ಲಿದ್ದಳು. ಅದೇ ಹೊತ್ತಿಗೆ ಬಾದಾಮಿಯಿಂದ ಅಪ್ಪ, ಅವ್ವ ಬಂದು ಮಿಶಿಗನ್‌ನ ನಮ್ಮ ಮನೆಯಲ್ಲಿದ್ದರು. ಇವೆರಡೂ ಕೂಡಿ ಬರುವುದು ಇನ್ನೊಮ್ಮೆ ಎಲ್ಲಿ? ವಸಂತದ ರಜೆಗೆ ಯೂಟಾ, ಅರಿಜೋನಾದ ಮರುಭೂಮಿ ಕಣಿವೆಗಳಿಗೆ ಹೋಗುವುದು ಅಂತ ನಿರ್ಧಾರವಾಯಿತು. ಜನವರಿಯ ಒಂದು ಶನಿವಾರ, ಹೊರಗೆ ಹಿಮ ಸುರಿಯುತ್ತಿದ್ದಾಗ, ಊಟದ ಮೇಜಿನ ಮೇಲೆ ನಕ್ಷೆ ಹಾಸಿಕೊಂಡು ಎಲ್ಲರೂ ಕೂತೆವು.

(ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. 2026ರಿಂದ ಶುಲ್ಕದ ನಿಯಮ ಬದಲಾಗಿದೆ. ಹೊರದೇಶದಿಂದ ಬಂದವರಿಗೆ ದೊಡ್ಡ ಪಾರ್ಕ್‌ಗಳಲ್ಲಿ ಬಹಳ ಜಾಸ್ತಿ ಶುಲ್ಕ ಇದೆ. ಊರಿಂದ ಬಂದ ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗುವವರು ಮೊದಲೇ ವಿಚಾರಿಸಿಕೊಳ್ಳಿ.)

ಅವ್ವ ಮೆಂತ್ಯ ಸೊಪ್ಪು ಬಿಡಿಸುತ್ತಾ ನಾವು ತೋರಿಸಿದ ಫೋಟೋಗಳನ್ನು ನೋಡಿದಳು. ಒಂದು ಕೆಂಪು ಬಂಡೆ, ಅದರ ಹಿಂದೆ ಇನ್ನೊಂದು ಕೆಂಪು ಬಂಡೆ. "ಕಲ್ಲ ನೋಡಾಕ ಅಷ್ಟ್ ದೂರ ಯಾಕ ಹೋಗಬೇಕವಾ? ನಮ್ಮೂರಾಗ ಇಲ್ಲೇನ್ ಕಲ್ಲು?" ಅಂದಳು.

ಕೇಳಬೇಕಾದ ಪ್ರಶ್ನೆಯೇ ಅದು. ಬಾದಾಮಿಯಲ್ಲಿ ಹುಟ್ಟಿ ಬೆಳೆದವರಿಗೆ ಕೆಂಪು ಮರಳುಗಲ್ಲಿನ ಗೋಡೆ ಅಂದರೆ ಮನೆಯ ಹಿತ್ತಲು ಇದ್ದ ಹಾಗೆ. ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಾ ಅವಳು ದಿನಾ ನೋಡಿದ್ದು ಅದನ್ನೇ. ಆ ಪ್ರಶ್ನೆ ಇಡೀ ದಿನ ನನ್ನ ಜೊತೆಗಿತ್ತು, ಮತ್ತು ಅದರಿಂದ ಒಳ್ಳೆಯದೇ ಆಯಿತು. ಒಂದೊಂದು ಜಾಗದ ಹೆಸರು ಬಂದಾಗಲೂ "ಇಲ್ಲಿ ಅವ್ವನಿಗೆ ನೋಡೋಕೆ ಏನು ಸಿಗುತ್ತೆ, ಅವಳ ಮಂಡಿ ಎಲ್ಲಿವರೆಗೆ ಒಪ್ಪುತ್ತೆ" ಅಂತ ಕೇಳಿಕೊಂಡೇ ಮುಂದೆ ಹೋದೆ.

ಎಲ್ಲರ ಆಸೆ ಬೇರೆ ಬೇರೆ. ಮಗನಿಗೆ ಜಾಯನ್ ಪಾರ್ಕಿನ ಏಂಜಲ್ಸ್ ಲ್ಯಾಂಡಿಂಗ್ ಹತ್ತಬೇಕು. ಮಗಳಿಗೆ ಆರ್ಚಸ್ ಪಾರ್ಕಿನ ಡೆಲಿಕೇಟ್ ಆರ್ಚ್ ಬೇಕು, ಯೂಟಾದ ಕಾರುಗಳ ನಂಬರ್ ಪ್ಲೇಟ್ ಮೇಲಿರುವ ಕಲ್ಲಿನ ಕಮಾನು ಅದೇ. ನನ್ನ ಗಂಡನಿಗೆ ಮಾನ್ಯುಮೆಂಟ್ ವ್ಯಾಲಿ. ಅಪ್ಪನಿಗೆ ಗ್ರ್ಯಾಂಡ್ ಕ್ಯಾನ್ಯನ್ ಒಂದೇ ಸಾಕು. ಯೂಟಾದಲ್ಲಿ ಐದು ನ್ಯಾಷನಲ್ ಪಾರ್ಕ್‌ಗಳಿವೆ: ಜಾಯನ್, ಬ್ರೈಸ್, ಕ್ಯಾಪಿಟಲ್ ರೀಫ್, ಕ್ಯಾನ್ಯನ್‌ಲ್ಯಾಂಡ್ಸ್, ಆರ್ಚಸ್. ನಮ್ಮ ಗೆಳೆಯರಲ್ಲಿ ಈ ಐದನ್ನೂ ಒಂದೇ ರಜೆಯಲ್ಲಿ ಮುಗಿಸಿ ಬಂದವರಿದ್ದಾರೆ. ವಯಸ್ಸಾದವರು ಜೊತೆಗಿದ್ದಾಗ ಹಾಗೆ ಓಡುವುದು ನನಗೆ ಸರಿ ಅನಿಸುವುದಿಲ್ಲ. ಐದರ ಜೊತೆ ಗ್ರ್ಯಾಂಡ್ ಕ್ಯಾನ್ಯನ್ ಸೇರಿಸಿ ಲೆಕ್ಕ ಹಾಕಿದರೆ ಹಗಲೆಲ್ಲ ಕಾರಿನಲ್ಲೇ ಕಳೆಯಬೇಕು. ಅದಕ್ಕೇ ಪೂರ್ವದ ಭಾಗವನ್ನು ಪೂರ್ತಿ ಬಿಟ್ಟೆವು. ಆರ್ಚಸ್ ಹೋಯಿತು, ಮಾನ್ಯುಮೆಂಟ್ ವ್ಯಾಲಿಯೂ ಹೋಯಿತು.

ಮಗಳ ಮುಖ ಸಪ್ಪೆಯಾಯಿತು. ಡೆಲಿಕೇಟ್ ಆರ್ಚ್ ಬುಡಕ್ಕೆ ಹೋಗಿ ಬರಲು 3 ಮೈಲಿ ನಡೆಯಬೇಕು, ಬೋಳು ಬಂಡೆಯ ಮೇಲೆ ಏರು ದಾರಿ, ನೆರಳು ಅಂತ ಏನೂ ಇಲ್ಲ. ಅಜ್ಜ-ಅಜ್ಜಿ ಕೆಳಗೇ ಕಾಯುತ್ತಾ ಕೂರಬೇಕಾಗುತ್ತೆ ಅಂತ ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಅಜ್ಜಿನೂ ಬರೋ ಜಾಗಕ್ಕೇ ಹೋಗೋಣ" ಅಂದಳು. ಅವತ್ತಿನ ಅತಿ ಕಷ್ಟದ ತೀರ್ಮಾನ ತೆಗೆದುಕೊಂಡವಳು ಅವಳೇ.

ಉಳಿದ ದಾರಿ ಸುಲಭವಾಗಿ ಕೂಡಿಕೊಂಡಿತು. ಲಾಸ್ ವೇಗಸ್‌ವರೆಗೆ ವಿಮಾನ, ಅಲ್ಲಿಂದ ಬಾಡಿಗೆ ವ್ಯಾನ್. ಜಾಯನ್, ಬ್ರೈಸ್, ಪೇಜ್ ಅನ್ನುವ ಸಣ್ಣ ಊರು, ಗ್ರ್ಯಾಂಡ್ ಕ್ಯಾನ್ಯನ್, ಮತ್ತೆ ವೇಗಸ್. ವಾಪಸ್ ಬರುವ ದಿನ ಬಿಟ್ಟರೆ ಯಾವತ್ತೂ ಮೂರು ಗಂಟೆಗಿಂತ ಜಾಸ್ತಿ ಡ್ರೈವ್ ಇಲ್ಲ.

ನಕ್ಷೆಯಲ್ಲಿ ದೂರ ಕಾಣುತ್ತದೆ, ಎತ್ತರ ಕಾಣುವುದಿಲ್ಲ. ನಮಗೆ ಆ ಎತ್ತರವೇ ಮುಖ್ಯವಾಗಿತ್ತು, ಯಾಕೆಂದರೆ ಅಪ್ಪನಿಗೆ ಬಿಪಿ ಇದೆ. ಜಾಯನ್ ಕಣಿವೆಯ ತಳ ಸುಮಾರು 4,000 ಅಡಿ. ಅಲ್ಲಿಂದ ಎರಡು ಗಂಟೆ ದೂರದ ಬ್ರೈಸ್‌ನ ಅಂಚು 8,000ದಿಂದ 9,000 ಅಡಿ. ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚು ಸುಮಾರು 7,000 ಅಡಿ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 6,330 ಅಡಿ. ಅಂದರೆ ಕಣಿವೆ ನೋಡಲು ನಾವು ನಿಲ್ಲುವ ಜಾಗ ನಮ್ಮ ನಾಡಿನ ಎಲ್ಲ ಬೆಟ್ಟಗಳಿಗಿಂತ ಮೇಲಿದೆ. ಮರುಭೂಮಿ ಅಂದ ಕೂಡಲೇ ಬಿಸಿಲಿಗೆ ಬಟ್ಟೆ ಕಟ್ಟುತ್ತೇವೆ. ಬ್ರೈಸ್‌ನಲ್ಲಿ ಏಪ್ರಿಲ್‌ನಲ್ಲೂ ಹಿಮ ಬೀಳುತ್ತದೆ. ಆ ಚಳಿಯಿಂದಲೇ ಅಲ್ಲಿನ ಹೂಡೂ ಅನ್ನುವ ಕಲ್ಲು ಕಂಬಗಳು ಆಗಿರುವುದು. ಬಿರುಕಿಗೆ ಇಳಿದ ನೀರು ರಾತ್ರಿ ಹೆಪ್ಪುಗಟ್ಟಿ ಹಿಗ್ಗುತ್ತದೆ, ಹಗಲು ಕರಗುತ್ತದೆ, ಮತ್ತೆ ರಾತ್ರಿ ಹಿಗ್ಗುತ್ತದೆ. ಬಂಡೆ ಹೀಗೇ ಒಡೆಯುತ್ತಾ ಹೋಗುತ್ತದೆ. ಡಾಕ್ಟರ ಹತ್ತಿರ ಕೇಳಿಕೊಂಡು ಬ್ರೈಸ್‌ನಲ್ಲಿ ಒಂದೇ ರಾತ್ರಿ ಇಟ್ಟುಕೊಂಡೆವು. ಸನ್‌ರೈಸ್ ಪಾಯಿಂಟ್‌ನಿಂದ ಸನ್‌ಸೆಟ್ ಪಾಯಿಂಟ್‌ವರೆಗಿನ ಅರ್ಧ ಮೈಲಿ ದಾರಿಗೆ ಡಾಂಬರು ಹಾಕಿದ್ದಾರೆ, ಏರಿಳಿತ ಕಡಿಮೆ. ಅಷ್ಟು ಸಾಕು. ಸೂಟ್‌ಕೇಸಿಗೆ ಸ್ವೆಟರು, ಟೋಪಿ ಎರಡೂ ಹೋದವು.

ಜಾಯನ್‌ಗೆ ಜಾಸ್ತಿ ಸಮಯ ಕೊಟ್ಟೆವು. ವಸಂತದಲ್ಲಿ ಅಲ್ಲಿ ಕಣಿವೆಯೊಳಗೆ ಖಾಸಗಿ ಕಾರು ಬಿಡುವುದಿಲ್ಲ, ಉಚಿತ ಶಟಲ್ ಬಸ್ ಓಡಿಸುತ್ತಾರೆ. ಇದು ನನಗೆ ಬಹಳ ಇಷ್ಟವಾದ ವ್ಯವಸ್ಥೆ. ಪಾರ್ಕಿಂಗ್ ಹುಡುಕುವ ತಲೆನೋವಿಲ್ಲ, ಹಿರಿಯರು ಯಾವ ಸ್ಟಾಪಿನಲ್ಲಾದರೂ ಇಳಿದು, ಕೂತು, ಮುಂದಿನ ಬಸ್ಸು ಹತ್ತಬಹುದು. ಕೊನೆಯ ಸ್ಟಾಪಿನಿಂದ ರಿವರ್‌ಸೈಡ್ ವಾಕ್ ಅನ್ನುವ ದಾರಿ ಹೊಳೆಯ ಪಕ್ಕದಲ್ಲೇ ಒಂದು ಮೈಲಿ ಸಾಗುತ್ತದೆ. ಅದು ಮುಗಿಯುವಲ್ಲಿ ನ್ಯಾರೋಸ್ ಶುರು, ಅಂದರೆ ಎರಡು ಎತ್ತರದ ಗೋಡೆಗಳ ನಡುವೆ ಹೊಳೆಯ ನೀರಿನಲ್ಲೇ ನಡೆಯುವ ದಾರಿ. ಮಗ ಅದಕ್ಕೂ ಹಟ ಹಿಡಿದ. ಆದರೆ ವಸಂತದಲ್ಲಿ ಮೇಲಿನ ಹಿಮ ಕರಗಿ ನೀರು ಜೋರಾಗಿ ಬರುತ್ತದೆ, ಒಂದು ಮಟ್ಟ ದಾಟಿದರೆ ಪಾರ್ಕಿನವರೇ ದಾರಿ ಮುಚ್ಚುತ್ತಾರೆ. ಏಂಜಲ್ಸ್ ಲ್ಯಾಂಡಿಂಗ್‌ಗೆ 2022ರ ಏಪ್ರಿಲ್‌ನಿಂದ ಲಾಟರಿಯಲ್ಲಿ ಪರ್ಮಿಟ್ ಸಿಗಬೇಕು. ಸಿಕ್ಕರೂ ಕೊನೆಯ ಭಾಗದಲ್ಲಿ ಸರಪಳಿ ಹಿಡಿದು ಹತ್ತಬೇಕು, ಎರಡೂ ಕಡೆ ಆಳ. ಅವನಿಗೆ ಇನ್ನೂ ಸ್ವಲ್ಪ ವಯಸ್ಸಾಗಲಿ ಅಂತ ನಾವಿಬ್ಬರೂ ಗಟ್ಟಿಯಾಗಿ ಬೇಡ ಅಂದೆವು. ಅದರ ಬದಲು ಬ್ರೈಸ್ ಕಡೆ ಹೋಗುವಾಗ ಸಿಗುವ ಕ್ಯಾನ್ಯನ್ ಓವರ್‌ಲುಕ್. ಒಂದೇ ಮೈಲಿ, ಆದರೂ ಕಣಿವೆ ಪೂರ್ತಿ ಕಾಲ ಕೆಳಗೆ. ಅದು ಶುರುವಾಗುವುದು 1930ರಲ್ಲಿ ಮುಗಿದ ಸುರಂಗದ ಬಾಯಲ್ಲಿ. ಒಂದು ಮೈಲಿಗೂ ಉದ್ದದ ಆ ಸುರಂಗವನ್ನು ಬಂಡೆ ಕೊರೆದು ಮಾಡಿದ್ದಾರೆ ಅಂತ ಓದಿ ಅಜ್ಜ, ಮೊಮ್ಮಗ ಇಬ್ಬರೂ ಒಪ್ಪಿದರು.

ಈ ಮಾತಿನ ನಡುವೆ ಅವ್ವನಿಗೆ ಜಾಯನ್‌ನ ವರ್ಜಿನ್ ನದಿಯ ಫೋಟೋ ತೋರಿಸಿದೆ. ದಾಟಿ ಹೋಗಬಹುದಾದಷ್ಟು ಸಣ್ಣ ಹೊಳೆ. ಪಕ್ಕದಲ್ಲಿ 2,000 ಅಡಿ ಗೋಡೆ. "ಇಷ್ಟನ್ನೂ ಕೊರೆದಿದ್ದು ಈ ಹೊಳೆನೇ ಅವ್ವಾ" ಅಂದೆ. ಸೊಪ್ಪು ಬಿಡಿಸುವುದು ನಿಂತಿತು. ಆ ಕಲ್ಲು ಒಂದು ಕಾಲಕ್ಕೆ ಮರಳ ದಿಬ್ಬವಾಗಿತ್ತು, ಡೈನೋಸಾರ್‌ಗಳ ಕಾಲದ ದೊಡ್ಡ ಮರುಭೂಮಿ ಅದು, ಗೋಡೆಯ ಮೇಲೆ ಓರೆಯಾಗಿ ಕಾಣುವ ಗೆರೆಗಳು ಗಾಳಿ ಮರಳನ್ನು ಪೇರಿಸಿದ ಗುರುತು ಅಂತ ಹೇಳಿದೆ. ಸುಮಾರು 18 ಕೋಟಿ ವರ್ಷ ಹಳೆಯದು. ಅಲ್ಲಿನ ಕೆಂಪಿಗೂ ಬಾದಾಮಿಯ ಕೆಂಪಿಗೂ ಕಬ್ಬಿಣದ ಅಂಶವೇ ಕಾರಣ. ವಯಸ್ಸಿನಲ್ಲಿ ಮಾತ್ರ ಬಾದಾಮಿಯ ಮರಳುಗಲ್ಲು ಬಹಳ ಹಿರಿಯದು, 50 ಕೋಟಿ ವರ್ಷಕ್ಕಿಂತ ಹಿಂದಿನದು. "ಹಂಗಾದ್ರ ನಮ್ಮ ಕಲ್ಲ ಹಿರೀದು" ಅಂತ ಅವ್ವ ಹೆಮ್ಮೆಯಿಂದ ಹೇಳಿ ಕೆಲಸ ಮುಂದುವರಿಸಿದಳು.

ಪೇಜ್ ಊರಿನ ಲೆಕ್ಕ ಬೇರೆ. ಅಲ್ಲಿನ ಆಂಟಿಲೋಪ್ ಕ್ಯಾನ್ಯನ್ ನವಾಹೋ ಅನ್ನುವ ಮೂಲನಿವಾಸಿ ಜನರ ನೆಲದಲ್ಲಿದೆ. ಮಗಳ ಪಾಸು ಅಲ್ಲಿ ನಡೆಯುವುದಿಲ್ಲ, ಗೈಡ್ ಇಲ್ಲದೆ ಒಳಗೆ ಬಿಡುವುದಿಲ್ಲ. ಇದು ದುಡ್ಡಿನ ಮಾತಷ್ಟೇ ಅಲ್ಲ. 1997ರ ಆಗಸ್ಟ್‌ನಲ್ಲಿ ಎಲ್ಲೋ ದೂರದಲ್ಲಿ ಬಿದ್ದ ಮಳೆಯ ನೀರು ಈ ಕಿರಿದಾದ ಸಂದಿಗೆ ನುಗ್ಗಿ 11 ಪ್ರವಾಸಿಗರು ತೀರಿಕೊಂಡರು. ತಲೆ ಮೇಲೆ ಆಕಾಶ ತಿಳಿಯಾಗಿದ್ದರೂ ಪ್ರವಾಹ ಬರಬಹುದು. ಆ ನೆಲ ಗೊತ್ತಿದ್ದವರ ಮಾತು ಕೇಳಿ ನಡೆಯುವುದೇ ಸರಿ ಅಲ್ವಾ? ಆಂಟಿಲೋಪ್‌ನ ಕೆಳಗಿನ ಭಾಗಕ್ಕೆ ಇಳಿಯಲು ಕಡಿದಾದ ಕಬ್ಬಿಣದ ಮೆಟ್ಟಿಲುಗಳಿವೆ, ಅವ್ವನ ಮಂಡಿಗೆ ಆಗುವುದಿಲ್ಲ. ನನ್ನ ಗಂಡ, ಮಕ್ಕಳು ಅಲ್ಲಿಗೆ ಹೋಗಿ ಬರಲಿ, ನಾವು ಮೂವರು ಲೇಕ್ ಪೊವೆಲ್ ದಡದಲ್ಲಿ ಕೂರುವುದು, ಸಂಜೆ ನದಿ ಕುದುರೆ ಲಾಳದ ಹಾಗೆ ತಿರುಗುವ ಹಾರ್ಸ್‌ಶೂ ಬೆಂಡ್‌ಗೆ ಎಲ್ಲರೂ ಒಟ್ಟಿಗೆ ಹೋಗುವುದು ಅಂತ ಆಯಿತು.

ಗಡಿಯಾರದ ಗೊಂದಲವನ್ನೂ ಅವತ್ತೇ ಬಿಡಿಸಿಕೊಂಡೆವು. ಮಾರ್ಚ್‌ನಲ್ಲಿ ಯೂಟಾ ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುತ್ತದೆ. ಅರಿಜೋನಾ ಇಡುವುದಿಲ್ಲ. ಆದರೆ ಅರಿಜೋನಾದೊಳಗೇ ಇರುವ ನವಾಹೋ ನೇಷನ್ ಇಡುತ್ತದೆ. ಪೇಜ್ ಊರು ಮಾತ್ರ ಅರಿಜೋನಾದ ಹೊತ್ತನ್ನೇ ಪಾಲಿಸುತ್ತದೆ. ಆ ಕಡೆ ಓಡಾಡುವಾಗ ಫೋನು ಯಾವ ಟವರ್ ಹಿಡಿಯಿತೋ ಆ ಹೊತ್ತು ತೋರಿಸುತ್ತದೆ. ಟೂರ್ ಬುಕ್ ಮಾಡಿದವರು ಒಂದು ಗಂಟೆ ತಪ್ಪಿದರೆ ಟಿಕೆಟ್ ಹೋಯಿತು. ಅಪ್ಪ ತಮ್ಮ ಹಳೇ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು, ಪೇಜ್‌ನಲ್ಲಿ ಇದನ್ನೇ ನಂಬೋಣ ಅಂದರು. ಹೋದಾಗ ಹಾಗೇ ಮಾಡಿದೆವು.

ಊಟದ ವಿಷಯ ಅವ್ವನದು. ಆ ದಾರಿಯಲ್ಲಿ ಸಸ್ಯಾಹಾರಿಗಳಿಗೆ ಆಯ್ಕೆ ಕಡಿಮೆ. ಊರಿಂದ ತಂದ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಅಗಸಿ ಚಟ್ನಿಪುಡಿ ಹಾಗೇ ಇದ್ದವು. ಒಣ ಗಾಳಿಗೆ ಅದಕ್ಕಿಂತ ಒಳ್ಳೆ ಬುತ್ತಿ ಇಲ್ಲ, ತಿಂಗಳಾದರೂ ಕೆಡುವುದಿಲ್ಲ. ಜೊತೆಗೆ ಸಣ್ಣ ರೈಸ್ ಕುಕ್ಕರ್. ನೀರು ಮಾತ್ರ ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ಲೆಕ್ಕ. ಆ ಹವೆಯಲ್ಲಿ ಬೆವರು ಬಂದಿದ್ದೇ ಗೊತ್ತಾಗದೆ ಆರಿಹೋಗುತ್ತದೆ, ಬಾಯಾರಿಕೆ ಆಗುವ ಮೊದಲೇ ಕುಡಿಯಬೇಕು. ಅಳಿಲಿಗೆ ರೊಟ್ಟಿ ಚೂರು ಹಾಕಬಾರದು ಅಂತ ಅವ್ವನಿಗೆ ಮೊದಲೇ ಹೇಳಬೇಕಾಯಿತು. ಗ್ರ್ಯಾಂಡ್ ಕ್ಯಾನ್ಯನ್‌ನ ಅಳಿಲುಗಳು ಜನರ ತಿಂಡಿಗೆ ರೂಢಿಯಾಗಿ ಕೈ ಕಚ್ಚುತ್ತವೆ. ಮನುಷ್ಯರ ತಿಂಡಿ ಅವಕ್ಕೂ ಒಳ್ಳೆಯದಲ್ಲ.

ಕೊನೆಗೆ ಅಪ್ಪನ ಗ್ರ್ಯಾಂಡ್ ಕ್ಯಾನ್ಯನ್. ಉತ್ತರದ ಅಂಚು ಮೇ ಮಧ್ಯದವರೆಗೆ ಮುಚ್ಚಿರುತ್ತದೆ, ಹಾಗಾಗಿ ದಕ್ಷಿಣವೇ. ಪೇಜ್ ಕಡೆಯಿಂದ ಬಂದರೆ ಪೂರ್ವದ ಬಾಗಿಲಿನಿಂದ ಒಳಗೆ ಹೋಗುತ್ತೇವೆ. ಡೆಸರ್ಟ್ ವ್ಯೂ ರಸ್ತೆಯಲ್ಲಿ ಒಂದಾದ ಮೇಲೊಂದು ನೋಟದ ಕಟ್ಟೆಗಳು. ಅಲ್ಲಿಂದ ಕಣಿವೆಯ ಆಚೆ ಕಾಣುವ ಒಂದು ಶಿಖರದ ಹೆಸರು ವಿಷ್ಣು ಟೆಂಪಲ್. ಬ್ರಹ್ಮ, ಶಿವನ ಹೆಸರಿನವೂ ಇವೆ. 19ನೇ ಶತಮಾನದಲ್ಲಿ ಈ ಕಣಿವೆಯನ್ನು ಅಧ್ಯಯನ ಮಾಡಿದ ಭೂವಿಜ್ಞಾನಿ ಕ್ಲಾರೆನ್ಸ್ ಡಟನ್ ಪೂರ್ವದೇಶಗಳ ದೇವರ ಹೆಸರಿಡುವ ಈ ರೂಢಿ ಶುರು ಮಾಡಿದ. ತಳದಲ್ಲಿರುವ ಕಪ್ಪು ಕಲ್ಲಿಗೂ ವಿಷ್ಣು ಶಿಸ್ಟ್ ಅಂತಲೇ ಹೆಸರು. ಅದು 170 ಕೋಟಿ ವರ್ಷ ಹಳೆಯದು.

ಅಲ್ಲಿ ಟ್ರೇಲ್ ಆಫ್ ಟೈಮ್ ಅಂತ ಒಂದು ದಾರಿ ಇದೆ ಅಂತ ಓದಿದಾಗ ಅಪ್ಪನ ಕಣ್ಣು ಅರಳಿತು. ಅವರು ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ಕಣಿವೆಯ ಅಂಚಿನಲ್ಲಿ ಸಪಾಟಾದ ದಾರಿ. ಒಂದೊಂದು ಮೀಟರಿಗೆ ಹಿತ್ತಾಳೆ ಬಣ್ಣದ ಗುರುತು, ಒಂದು ಮೀಟರ್ ಅಂದರೆ 10 ಲಕ್ಷ ವರ್ಷ. ಯಾವಪೈ ಮ್ಯೂಸಿಯಂನಿಂದ ಗ್ರ್ಯಾಂಡ್ ಕ್ಯಾನ್ಯನ್ ವಿಲೇಜ್ ಅನ್ನುವ ಹಳ್ಳಿಯ ಕಡೆ ನಡೆದರೆ ಹಿಂದಿನ ಕಾಲಕ್ಕೆ ನಡೆದ ಹಾಗೆ. ಕಣಿವೆಯ ಒಂದೊಂದು ಪದರದ ಕಲ್ಲನ್ನೂ ಅದರ ವಯಸ್ಸಿನ ಜಾಗದಲ್ಲಿ ಇಟ್ಟಿದ್ದಾರೆ, ಮುಟ್ಟಿ ನೋಡಬಹುದು. ಅಪ್ಪ ಪೆನ್ನು ತೆಗೆದುಕೊಂಡರು. ಡೈನೋಸಾರ್‌ಗಳು ಅಳಿದದ್ದು 66 ಮೀಟರಿನಲ್ಲಿ. ಜಾಯನ್‌ನ ಕಲ್ಲು 180ರ ಆಸುಪಾಸಿನಲ್ಲಿ. ನಾವು ನಿಲ್ಲುವ ಅಂಚಿನ ಸುಣ್ಣಕಲ್ಲು 270ರಲ್ಲಿ. ಒಂದು ಮಿಲಿಮೀಟರಿಗೆ ಸಾವಿರ ವರ್ಷ ಬಂತು. ಬಾದಾಮಿಯ ಮೂರನೇ ಗುಹೆಯಲ್ಲಿ ಮಂಗಳೇಶನ ಶಾಸನ ಇದೆಯಲ್ಲ, ಕ್ರಿ.ಶ. 578ರದು, ಅದು ಹೆಚ್ಚುಕಡಿಮೆ ಒಂದೂವರೆ ಮಿಲಿಮೀಟರ್. ಮಕ್ಕಳು ಸ್ಕೇಲ್ ತಂದು ಅಳೆದು ನೋಡಿದರು.

"ನಮ್ಮ ಕಲ್ಲಿನ ತನಕಾ ನಡಿಯಾಕ ಎಷ್ಟ್ ದೂರ ಆಕ್ಕೈತಿ?" ಅಂತ ಅವ್ವ ಕೇಳಿದಳು.

ಅರ್ಧ ಕಿಲೋಮೀಟರ್ ದಾಟಬೇಕು, ಸುಸ್ತಾದರೆ ಹಳ್ಳಿಯಿಂದ ಶಟಲ್ ಇದೆ ಅಂದೆ.

"ಅಷ್ಟ್ ನಡಿತೀನಿ. ಆ ದಿನ ಬ್ಯಾರೆ ಏನೂ ಇಟ್ಕೋಬ್ಯಾಡ್ರಿ."

ಆ ದಿನಕ್ಕೆ ಬೇರೇನೂ ಬರೆಯಲಿಲ್ಲ. ಪಾರ್ಕಿನೊಳಗಿನ ಕೋಣೆಗಳು ಬಹಳ ಮೊದಲೇ ಭರ್ತಿಯಾಗಿರುತ್ತವೆ. ಅವತ್ತು ರಾತ್ರಿ ಯಾರೋ ರದ್ದು ಮಾಡಿದ ಎರಡು ಕೋಣೆ ಸಿಕ್ಕವು, ತಕ್ಷಣ ಬುಕ್ ಮಾಡಿದೆವು.